ಡೈರಿ ಮುಂದೆ ಒಂದು ಒಣ ಕಾಯಿ ಹಿಡಿದು

ನಾನು ತಿಪಟೂರು ತಾಲ್ಲೂಕಿನಲ್ಲಿ ನರ್ಸ್. ನಾನು ಕಂಡಂತೆ ನಮ್ಮ ಕಡೆ ತಲೆಗೆ ಪೆಟ್ಟು ಬೀಳೋದು ಬಿ.ಎಚ್. ರಸ್ತೆಯಲ್ಲಿ, ಇಲ್ಲವೇ ತೆಂಗಿನ ತೋಟದಲ್ಲಿ.

ಕಾಯಿ ಕೆಡವಲು ಮರ ಹತ್ತಿದ್ದ ಒಬ್ಬರು ಜಾರಿ ಬಿದ್ದರು. ಎದ್ದು ಕೂತು, "ಏನೂ ಆಗಿಲ್ಲ ಸಿಸ್ಟರ್" ಎಂದರು. ರಕ್ತ ಬಂದಿರಲಿಲ್ಲ. ನಾನೂ ಭುಜ ನೋಡಿ ಕಳಿಸಿಬಿಟ್ಟೆ. ರಾತ್ರಿ ವಾಂತಿ ಆಯಿತು, ಮಾತು ತೊದಲಿತು. ಕುಡಿದಿದ್ದಾರೆ ಅಂದುಕೊಂಡು ಮನೆಯವರು ಮಲಗಿಸಿದರು. ಬೆಳಗ್ಗೆ ಎಬ್ಬಿಸಿದರೆ ಏಳಲಿಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು. ಆದರೆ ಈಗಲೂ ಸಿಟ್ಟು ಜಾಸ್ತಿ, ಮಗಳ ಹೆಸರೇ ಮರೆಯುತ್ತಾರೆ. ಆ ಸಂಜೆ ನಾನು ಮನೆಯವರಿಗೆ ನಾಲ್ಕು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಆ ಸಂಕಟವೇ ನನ್ನನ್ನು ಊರೂರಿಗೆ ಕಳಿಸಿತು.

ಮೊದಲು ಶಾಲೆಯಲ್ಲಿ ಸಭೆ ಕರೆದು ಮೆದುಳಿನ ಚಿತ್ರ ತೋರಿಸಿದೆ. 9 ಜನ ಬಂದರು. ಮರ ಹತ್ತುವವರು ಒಬ್ಬರೂ ಇರಲಿಲ್ಲ. ಆಮೇಲೆ ಬೆಳಗ್ಗೆ ಹಾಲಿನ ಡೈರಿ ಮುಂದೆ ನಿಂತೆ. ಕ್ಯಾನ್ ಹಿಡಿದು ನಿಂತವರಿಗೆ ಐದೇ ನಿಮಿಷ. ನನ್ನ ಕೈಯಲ್ಲಿ ಅಟ್ಟದಿಂದ ಇಳಿಸಿದ ಒಂದು ಒಣ ಕಾಯಿ. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಎನ್ನುತ್ತದೆ.

"ಚಿಪ್ಪು ಒಡೆದಿದೆಯಾ?"

"ಇಲ್ಲ."

"ಒಳಗೆ ಬಡೀತಿದೆ ಅಲ್ವಾ?"

ಮೆದುಳು ಕೊಬ್ಬರಿಯ ಹಾಗೆ ಬಿಟ್ಟುಕೊಂಡಿರುವುದಿಲ್ಲ, ದ್ರವದಲ್ಲಿ ತೇಲುತ್ತಿರುತ್ತದೆ. ಆದರೂ ಜೋರಾಗಿ ಬಿದ್ದಾಗ ಬುರುಡೆಗೆ ಬಡಿಯುತ್ತದೆ. ಒಳಗೆ ರಕ್ತನಾಳ ಹರಿದರೆ ರಕ್ತ ಹೊರಗೆ ಕಾಣುವುದಿಲ್ಲ. ಬುರುಡೆ ಹಿಗ್ಗುವುದಿಲ್ಲ, ಹಾಗಾಗಿ ಸೇರಿದ ರಕ್ತ ಮೆದುಳನ್ನೇ ಒತ್ತುತ್ತದೆ. ಅದಕ್ಕೇ ಕೆಲವರು ಗಂಟೆಗಟ್ಟಲೆ ಚೆನ್ನಾಗಿ ಮಾತಾಡಿ ಆಮೇಲೆ ಕುಸಿಯುವುದು.

ಹಾಗಾಗಿ ಮೊದಲ 24 ಗಂಟೆ ಒಬ್ಬರನ್ನೇ ಬಿಡಬೇಡಿ ಎನ್ನುತ್ತೇನೆ. ವಾಂತಿ, ಏರುತ್ತಾ ಹೋಗುವ ತಲೆನೋವು, ತೊದಲು, ಮಂಪರು, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು. ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ. ಮಂಪರಿದ್ದವರಿಗೆ ನೀರು, ಕಾಫಿ ಕುಡಿಸಬೇಡಿ.

ಹೆಲ್ಮೆಟ್ ಬಗ್ಗೆ ಹೇಳಿ ಹೇಳಿ ಬೇಜಾರಾಗಿದೆ, ಆದರೂ ಬಿಡುವುದಿಲ್ಲ. ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ ಅದು ಕಡ್ಡಾಯವಾಗಿದ್ದು 2016ರಲ್ಲಿ. ಈಗಲೂ ಸಂತೆಗೆ ಹೊರಟ ಬೈಕ್‌ಗಳಲ್ಲಿ ಹಿಂದೆ ಕೂತ ಅಕ್ಕಂದಿರ ತಲೆ ಬರಿದು. ಪಟ್ಟಿ ಹಾಕದಿದ್ದರೆ, ಬಿದ್ದಾಗ ಮೊದಲು ಹಾರಿಹೋಗುವುದು ಹೆಲ್ಮೆಟ್ಟೇ.

ಹೋದ ತಿಂಗಳು ಒಬ್ಬ ಸೊಸೆ ಫೋನ್ ಮಾಡಿದಳು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಮೂರು ವಾರ ಆಗಿತ್ತು. ಈಗ ಮಾತು ತಪ್ಪುತ್ತಿದೆ, ಎಡಗಾಲು ಎಳೆಯುತ್ತಾರೆ. ಎಲ್ಲರೂ "ವಯಸ್ಸಾಯ್ತಲ್ಲ" ಎಂದರಂತೆ. "ಡೈರಿ ಹತ್ರ ಕಾಯಿ ತೋರಿಸಿದ್ರಲ್ಲ ಸಿಸ್ಟರ್, ಹಂಗೇನಾದ್ರೂ ಇರಬಹುದಾ?" ಎಂದಳು. ಸ್ಕ್ಯಾನ್ ಮಾಡಿಸಿದರು. ಒಳಗೆ ನಿಧಾನಕ್ಕೆ ರಕ್ತ ಸೇರಿತ್ತು. ಅದನ್ನು ತೆಗೆದರು. ಅಜ್ಜಿ ಈಗ ಜಗಲಿ ಮೇಲೆ ಕೂತು ಸೊಪ್ಪು ಬಿಡಿಸುತ್ತಾರೆ.