ಪಾಲು ಹಾಲಾದ ಬಗೆ

ನನ್ನ ತವರು ತಿಪಟೂರು ಕಡೆ. ಮದುವೆಯಾಗಿ ಬಂದದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿಗೆ, ಆಂಧ್ರದ ಗಡಿ ಹತ್ತಿರದ ಒಂದು ಹಳ್ಳಿಗೆ. ಊರಿನ ಸೊಸೆ ಅಂತ ಅಂಗನವಾಡಿ ಕೆಲಸ ಸಿಕ್ಕಿತು. ಇಲ್ಲಿ ಮುಕ್ಕಾಲು ಮನೆಗಳ ಮಾತು ತೆಲುಗು. ನಮ್ಮ ಮನೆಯಲ್ಲಿ ಕನ್ನಡವೇ ಆದ್ದರಿಂದ ನಾನು ಕಲಿತಿರಲಿಲ್ಲ.

ಸೇರಿದ ವರ್ಷದ ಮಾತು. ಒಬ್ಬ ತಾಯಿ ಟೊಮ್ಯಾಟೊ ಕೀಳೋಕೆ ಹೋಗುವಾಗ ಮೂರು ವರ್ಷದ ಮಗನನ್ನು ಬಿಟ್ಟು ಹೋದರು. ಸ್ವಲ್ಪ ಹೊತ್ತಿಗೆ ಅವನು "ದಪ್ಪಿಕ, ದಪ್ಪಿಕ" ಅಂತ ಅಳೋಕೆ ಶುರು ಮಾಡಿದ. ದಪ್ಪ ಚೆಂಡು ಕೇಳ್ತಿದ್ದಾನೆ ಅಂದುಕೊಂಡೆ. ಕೊಟ್ಟರೆ ತಳ್ಳಿಬಿಟ್ಟ. ಅಳು ಜಾಸ್ತಿಯಾಯಿತು. "ಇಲ್ಲಿ ಕನ್ನಡದಲ್ಲಿ ಕೇಳಬೇಕು" ಅಂತ ಗದರಿದೆ. ಬಾಯಿ ಮುಚ್ಚಿಕೊಂಡು ಗೋಡೆ ಪಕ್ಕ ಕೂತ.

ಹೊರಗೆ ಹೋಗಿದ್ದ ಸಹಾಯಕಿ ಅಕ್ಕ ಬಂದು ಏನಾಯ್ತು ಅಂತ ಅವನನ್ನೇ ಕೇಳಿದರು. ತಕ್ಷಣ ಲೋಟದಲ್ಲಿ ನೀರು ತಂದು ಕೊಟ್ಟರು. ಎರಡು ಲೋಟ ಗಟಗಟ ಕುಡಿದ. "ದಪ್ಪಿಕ ಅಂದ್ರೆ ಬಾಯಾರಿಕೆ ಟೀಚರ್" ಅಂದರು ಅಕ್ಕ. ಬಿಂದಿಗೆ ನನ್ನ ಕೈಗೆ ಸಿಗುವಷ್ಟು ದೂರದಲ್ಲೇ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನವೇ ಒಂದು ನೋಟ್‌ಬುಕ್ ಇಟ್ಟೆ. ಅಕ್ಕ ಹೇಳಿದ್ದನ್ನು ಬರೆದುಕೊಂಡೆ. ಆಕಲಿ ಅಂದರೆ ಹಸಿವು. ನೊಪ್ಪಿ ಅಂದರೆ ನೋವು. ಮೊದಲು ಮಗುವಿನ ಕಷ್ಟದ ಮಾತುಗಳು, ಹಾಡು ಕಥೆ ಎಲ್ಲ ಆಮೇಲೆ. ಹೊಸದಾಗಿ ಬಂದ ಮಕ್ಕಳ ಹತ್ತಿರ ಮೊದಲ ಹದಿನೈದು ದಿನ ಅವರ ಮಾತಿನಲ್ಲೇ ಮಾತಾಡಿದೆ, ತಪ್ಪು ತಪ್ಪಾಗಿಯಾದರೂ. ಅವರೇ ನನ್ನನ್ನು ತಿದ್ದುತ್ತಿದ್ದರು. ಟೀಚರಿಗೆ ತಾವೇ ಕಲಿಸ್ತಿದ್ದೀವಿ ಅಂದಾಗ ಮಕ್ಕಳ ಮುಖ ನೋಡಬೇಕು!

ಕನ್ನಡ ತಂದದ್ದು ಹಾಲು ಕುಡಿಯೋ ಹೊತ್ತಿನಲ್ಲಿ. 2013ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ಮಗುವಿಗೆ 150 ಮಿಲಿಲೀಟರ್ ಹಾಲು ಕೊಡ್ತೀವಿ. ಲೋಟ ಕೈಗಿಡುತ್ತಾ ಒಂದು ದಿನ "ಪಾಲು" ಅಂದೆ, ಮತ್ತೆ "ಹಾಲು" ಅಂದೆ. ಆಗ ನನಗೇ ಹೊಳೆಯಿತು. ತೆಲುಗಿನ 'ಪ' ಎಷ್ಟೋ ಕಡೆ ಕನ್ನಡದಲ್ಲಿ 'ಹ' ಆಗುತ್ತೆ ಅಲ್ವಾ? ಪುಲಿ, ಹುಲಿ. ಪಾಮು, ಹಾವು. ಪಂಡು, ಹಣ್ಣು. ಪುವ್ವು, ಹೂವು. ದಿನಕ್ಕೆ ಎರಡೇ ಜೋಡಿ ಹಿಡಿದೆ. ವಸ್ತು ಅಥವಾ ಚಿತ್ರ ಕೈಯಲ್ಲಿರಲೇಬೇಕು, ಸುಮ್ನೆ ಬಾಯಿಪಾಠ ಮಾಡಿಸಬಾರದು. ಮಾವಿನ ಕಾಲದಲ್ಲಿ ಪ್ರತಿ ಮಗುವೂ ಒಂದೊಂದು ಹಣ್ಣು ತರುತ್ತಿತ್ತು. ತೋತಾಪುರಿ ಒಂದು ಕಡೆ, ಬಾದಾಮಿ ಒಂದು ಕಡೆ ಇಟ್ಟು, ಎಣಿಸಿ, ಮೂಸಿ, ಕೊನೆಗೆ ತಿನ್ನುತ್ತಿದ್ದೆವು. ಮಾತು ತಾನಾಗಿ ಬರುತ್ತಿತ್ತು.

ತಾಯಂದಿರ ಸಭೆಯಲ್ಲಿ ಒಬ್ಬರು ಕೇಳಿದರು: "ಮನೇಲೂ ತೆಲುಗು, ಇಲ್ಲೂ ತೆಲುಗು ಆದ್ರೆ ಒಂದನೇ ಕ್ಲಾಸಲ್ಲಿ ನನ್ ಮಗು ಏನ್ ಮಾಡುತ್ತೆ ಟೀಚರ್?" ಅವರ ಭಯ ನ್ಯಾಯವಾದದ್ದೇ. ಮುಂದಿನ ಶಾಲೆ ಕನ್ನಡ ಮಾಧ್ಯಮ. ನಾನು ವಾದ ಮಾಡಲಿಲ್ಲ. ನಾಳೆ ಹಾಲಿನ ಹೊತ್ತಿಗೆ ಬಂದು ಕೂತ್ಕೊಳ್ಳಿ ಅಂದೆ. ಕೂಲಿಗೆ ಹೊರಟವರು ಹತ್ತು ನಿಮಿಷ ಬಾಗಿಲಲ್ಲಿ ನಿಂತು, ಮಗಳು "ಇನ್ನೂ ಹಾಲು ಬೇಕು" ಅಂದದ್ದು ಕೇಳಿಸಿಕೊಂಡು ಹೋದರು.

ಅಂಗನವಾಡಿ ಅಂದರೆ ಮೊಟ್ಟೆ, ಪುಷ್ಟಿ ಅನ್ನೋ ಪೌಷ್ಟಿಕ ಆಹಾರದ ಪೊಟ್ಟಣ ಅಂತಲೇ ತುಂಬಾ ಜನ ತಿಳಿದಿದ್ದಾರೆ. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದಾಗಿನಿಂದ ಅದರ 6 ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ದುಡ್ಡಿದ್ದವರ ಮಕ್ಕಳಿಗೆ ಕಾನ್ವೆಂಟ್ ಇದೆ. ಕೂಲಿಯವರ ಮಕ್ಕಳಿಗೆ ನಾವೇ. ವರದಿ ತುಂಬೋ ಕೆಲಸ ಎಷ್ಟೇ ಇರಲಿ, ಬೆಳಿಗ್ಗೆ ಮಕ್ಕಳಿಗೆ ಕಲಿಸೋ ಆ ಒಂದೂವರೆ ಗಂಟೆಯನ್ನು ನಾನು ಯಾವುದಕ್ಕೂ ಬಿಟ್ಟುಕೊಡೋದಿಲ್ಲ.

ನೀರು ಕೇಳಿ ಬೈಸಿಕೊಂಡ ಆ ಹುಡುಗ ನಾಲ್ಕು ತುಂಬಿದ ಮೇಲೆ ಒಂದು ದಿನ ಕಿಟಕಿ ಕಡೆ ಓಡಿದ. ಕಾಂಪೌಂಡ್ ಮೇಲೆ ಬೆಕ್ಕು ಕೂತಿತ್ತು. ತೆಲುಗಿನಲ್ಲಿ ಅದು ಪಿಲ್ಲಿ. ಅವನು ಒಂದು ಕ್ಷಣ ಯೋಚಿಸಿ, ನನ್ನ ಸೆರಗು ಎಳೆದು, "ಟೀಚರ್, ಹಿಲ್ಲಿ!" ಅಂದ.