ಆಂಟಿಬಯಾಟಿಕ್ ಎರಡು ಸಲ ಕುಡಿಸಿಬಿಟ್ಟಿರಾ? ಮೊದಲು ಬಾಟಲಿ ನೋಡಿ

ಎಂಟು ಗಂಟೆಗೆ ಅಮ್ಮ ಸಿರಪ್ ಕುಡಿಸಿರುತ್ತಾರೆ, ಅದು ಗೊತ್ತಿಲ್ಲದೆ ಎಂಟೂವರೆಗೆ ಅಜ್ಜಿ ಇನ್ನೊಂದು ಮುಚ್ಚಳ ಕುಡಿಸಿರುತ್ತಾರೆ. ತಪ್ಪು ಯಾರದ್ದು ಅನ್ನೋ ಜಗಳ ಆಮೇಲೆ ಆಡಿ. ಮೊದಲು ಬಾಟಲಿ ಕೈಗೆ ತಗೊಳ್ಳಿ.

ಲೇಬಲ್ ಓದಿ: ಯಾವ ಔಷಧಿ, 5 ಎಂಎಲ್‌ನಲ್ಲಿ ಎಷ್ಟು ಎಂಜಿ? ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ 228.5 ಎಂಜಿಯದ್ದೂ ಸಿಗುತ್ತದೆ, ಅದರ ದುಪ್ಪಟ್ಟು 457 ಎಂಜಿಯದ್ದೂ ಸಿಗುತ್ತದೆ, ಹಾಗಾಗಿ ಹಳೇ ಬಾಟಲಿಯ ಅಳತೆಯಲ್ಲೇ ಹೊಸದನ್ನು ಕುಡಿಸಿದರೆ ಒಂದೇ ಸಲಕ್ಕೆ ಡೋಸ್ ಡಬಲ್. ಮಗುವಿನ ತೂಕ, ಕುಡಿದ ಅಳತೆ, ಹೊತ್ತು, ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಳ್ಳಿ.

ಈಗ ಫೋನ್ ಮಾಡಿ. ಬರೆದುಕೊಟ್ಟ ಡಾಕ್ಟರ್ ಸಿಗದಿದ್ದರೆ ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರ ಇದೆ: 1800 116 117. ದುಡ್ಡು ಬೀಳಲ್ಲ, ರಾತ್ರಿಯೂ ಎತ್ತುತ್ತಾರೆ.

ಉಪ್ಪುನೀರು ಕುಡಿಸಿಯಾಗಲಿ, ಗಂಟಲಿಗೆ ಬೆರಳು ಹಾಕಿಯಾಗಲಿ ವಾಂತಿ ಮಾಡಿಸಬೇಡಿ. ವಾಂತಿ ಶ್ವಾಸಕೋಶಕ್ಕೆ ಹೋದರೆ ಔಷಧಿಗಿಂತ ಅದೇ ದೊಡ್ಡ ತಾಪತ್ರಯ.

ಅಮಾಕ್ಸಿಸಿಲಿನ್ ಒಂದು ಡೋಸ್ ಜಾಸ್ತಿ ಆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹೊಟ್ಟೆನೋವು, ವಾಂತಿ, ಬೇಧಿ ಆಗಬಹುದು ಅಷ್ಟೆ. ನೀರು ಕುಡಿಸುತ್ತಿರಿ. ಆದರೆ ತುಂಬಾ ಜಾಸ್ತಿ ಹೋಗಿದ್ದರೆ ಅದು ಮೂತ್ರದಲ್ಲಿ ಹರಳುಗಟ್ಟಿ ಕಿಡ್ನಿಗೆ ತೊಂದರೆ ಕೊಟ್ಟ ಉದಾಹರಣೆಗಳಿವೆ. ಮಗು ಮೂತ್ರ ಮಾಡುವುದು ಕಡಿಮೆಯಾದರೆ, ಕೆಂಪಗೆ ಬಂದರೆ ತಕ್ಷಣ ತೋರಿಸಿ. ಮುಂದಿನ ಡೋಸ್ ಬಿಡಬೇಕಾ, ತಡಮಾಡಬೇಕಾ ಅನ್ನುವುದನ್ನೂ ಅದೇ ಫೋನಿನಲ್ಲಿ ಕೇಳಿ. ಸುಮ್ನೆ ನೀವೇ ಕೋರ್ಸ್ ನಿಲ್ಲಿಸಬೇಡಿ.

ಎಲ್ಲಾ ಆಂಟಿಬಯಾಟಿಕ್ಕೂ ಇಷ್ಟು ಸಾಧು ಅಲ್ಲ. ಟಿಬಿಗೆ ಕೊಡುವ ಐಸೋನಿಯಜಿಡ್ ಜಾಸ್ತಿಯಾದರೆ ಫಿಟ್ಸ್ ಬರಬಹುದು. ಮನೆಯಲ್ಲಿ ಅಜ್ಜನ ಟಿಬಿ ಮಾತ್ರೆ ಮಗು ನುಂಗಿದ್ದರೆ, ಆಟವಾಡಿಕೊಂಡು ಚೆನ್ನಾಗಿಯೇ ಇದ್ದರೂ ಕಾಯದೆ ಆಸ್ಪತ್ರೆಗೆ ಹೊರಡಿ. ಸಿಪ್ರೊಫ್ಲಾಕ್ಸಾಸಿನ್, ಅಜಿತ್ರೊಮೈಸಿನ್ ಎದೆಬಡಿತದ ಲಯ ಕೆಡಿಸಬಹುದು. ಕಿಡ್ನಿ ಅಥವಾ ಹೃದಯದ ಕಾಯಿಲೆ ಇರುವವರು ಒಂದೇ ಡೋಸ್ ಜಾಸ್ತಿ ತಗೊಂಡಿದ್ದರೂ ಡಾಕ್ಟರಿಗೆ ಹೇಳಲೇಬೇಕು.

ತುಟಿ, ಮುಖ ಊದಿದರೆ, ಉಸಿರಿಗೆ ಕಷ್ಟವಾದರೆ ಅದು ಅಲರ್ಜಿ ಇರಬಹುದು, ಅಲರ್ಜಿ ಸರಿಯಾದ ಡೋಸಿಗೂ ಆಗಬಹುದು. ಹಾಗಾದರೂ, ಫಿಟ್ಸ್ ಬಂದರೂ, ಪ್ರಜ್ಞೆ ತಪ್ಪಿದರೂ 108ಕ್ಕೆ ಫೋನ್ ಮಾಡಿ. ಹೊರಡುವಾಗ ಬಾಟಲಿ, ಖಾಲಿ ಸ್ಟ್ರಿಪ್, ಆ ಚೀಟಿ ಜೊತೆಗಿರಲಿ.