ಇಳಿಜಾರಿನಲ್ಲಿ ಆಶ್ರಯ ಬಡಾವಣೆ: ಜಾಗ, ದಾರಿ ಸಜ್ಜುಗೊಳಿಸುವುದು ಹೇಗೆ?

ಮಲೆನಾಡಿನಲ್ಲಿ ಆಶ್ರಯ ಬಡಾವಣೆಗೆ, ಅಂದರೆ ಮನೆಯಿಲ್ಲದ ಬಡವರಿಗೆ ಸರ್ಕಾರ ನಿವೇಶನ ಹಂಚುವ ಬಡಾವಣೆಗೆ, ಜಾಗ ನೋಡಲು ಹೋಗುವವರು ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಹೋಗುತ್ತಾರೆ. ಆಗ ಬ್ಯಾಣದ (ಹುಲ್ಲುಗಾವಲಿನ) ಹುಲ್ಲು ಒಣಗಿರುತ್ತದೆ, ಜೀಪು ಗುಡ್ಡದ ನೆತ್ತಿಯವರೆಗೂ ಹತ್ತುತ್ತದೆ, ಹಳ್ಳದಲ್ಲಿ ನೀರಿನ ಪಸೆಯೂ ಇರುವುದಿಲ್ಲ. ಅದೇ ಜಾಗವನ್ನು ಪುನರ್ವಸು, ಪುಷ್ಯ ಮಳೆಯ ಹೊತ್ತಿನಲ್ಲಿ ನೋಡಿದ್ದರೆ ಅಲ್ಲಿ ಮನೆ ಕಟ್ಟುವ ಮಾತನ್ನು ಅವರು ಎತ್ತುತ್ತಿದ್ದರೋ ಇಲ್ಲವೋ. ಮನೆಯ ಹಣ ವಸತಿ ಯೋಜನೆಯಿಂದ ಬರುತ್ತದೆ, ನಕ್ಷೆ ಎಂಜಿನಿಯರರಿಂದ ಬರುತ್ತದೆ. ಆದರೆ ನೆಲ ಮತ್ತು ದಾರಿಯನ್ನು ಸಜ್ಜುಗೊಳಿಸುವ ಹೊಣೆ ಬಹುಮಟ್ಟಿಗೆ ಗ್ರಾಮ ಪಂಚಾಯಿತಿಯ ಹೆಗಲಿಗೇ ಬೀಳುತ್ತದೆ. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಪಂಚಾಯಿತಿ ಸದಸ್ಯರನ್ನೂ, ಹಕ್ಕುಪತ್ರಕ್ಕೆ ಕಾದಿರುವ ಕುಟುಂಬಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲು ಕಾಗದ

ಪಹಣಿಯಲ್ಲಿ ‘ಸರ್ಕಾರಿ’ ಎಂದು ಬರೆದಿದ್ದ ಮಾತ್ರಕ್ಕೆ ಆ ಜಾಗ ಮನೆ ಕಟ್ಟಲು ಸಿಗುತ್ತದೆ ಎಂದು ಭಾವಿಸುವಂತಿಲ್ಲ. ಗೋಮಾಳವೋ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟವೋ, ದಟ್ಟ ಕಾಡಿನ ಕಾನೋ, ಸಾಗುವಳಿಗೆ ಸೇರದ ಖರಾಬೋ ಎಂಬುದನ್ನು ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ಮತ್ತು ಗ್ರಾಮನಕ್ಷೆಯ ಜೊತೆಗಿಟ್ಟು ನೋಡಬೇಕು. ಖರಾಬಿನಲ್ಲೂ ಎರಡು ಬಗೆಯಿದೆ: ಕೃಷಿಗೆ ಒದಗದ್ದು ‘ಎ’, ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಯದ್ದು ‘ಬಿ’. ‘ಬಿ’ ಖರಾಬನ್ನು ನಿವೇಶನವಾಗಿ ಹಂಚಲು ಹೊರಟರೆ ಮುಂದೆ ಒಂದು ದಿನ ತಕರಾರು ಬಂದೇ ಬರುತ್ತದೆ.

ಅರಣ್ಯದ ಪ್ರಶ್ನೆ ಇನ್ನೂ ತೊಡಕಿನದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಮತ್ತು ಅದನ್ನು ಅರ್ಥೈಸುವಾಗ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ನೀಡಿದ ಆದೇಶದ ಬಳಿಕ, ಕಂದಾಯ ದಾಖಲೆಯಲ್ಲಿ ಏನೇ ಇರಲಿ, ನೆಲದ ಮೇಲೆ ಕಾಡಿದ್ದರೆ ಅದು ಅರಣ್ಯವೆಂದು ಪರಿಗಣಿತವಾಗಬಹುದು. ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4ರಂತೆ ಅರಣ್ಯವೆಂದು ಘೋಷಿಸುವ ಉದ್ದೇಶದ ಮೊದಲ ಅಧಿಸೂಚನೆ ಆಗಿ, ಅಂತಿಮ ಅಧಿಸೂಚನೆ ಆಗದೆ ಉಳಿದ ಸರ್ವೆ ನಂಬರುಗಳೂ ಇರುತ್ತವೆ. ಆದ್ದರಿಂದ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ ಮುಗಿದು, ಗಡಿಕಲ್ಲು ನೆಟ್ಟು, ಎರಡೂ ಕಡೆಯವರ ಸಹಿ ಬೀಳುವವರೆಗೆ ಜೆಸಿಬಿ ಕರೆಸಬಾರದು. ಕಾಗದ ಸರಿಯಿಲ್ಲದ ನೆಲದ ಮೇಲೆ ಜನರನ್ನು ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡಿತು, ಶರಾವತಿ ಮುಳುಗಡೆಯ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಅವರ ಮೊಮ್ಮಕ್ಕಳ ಕಾಲಕ್ಕೂ ಬಗೆಹರಿಯಲಿಲ್ಲ.

ಜಾಗ ನಿಕ್ಕಿಯಾದರೆ ಭೂಕಂದಾಯ ಕಾಯ್ದೆಯ 71ನೇ ಕಲಮಿನಂತೆ ಅದನ್ನು ವಸತಿ ಉದ್ದೇಶಕ್ಕೆ ಕಾಯ್ದಿರಿಸುವ ಜಿಲ್ಲಾಧಿಕಾರಿಯ ಆದೇಶ ಬೇಕು. ಖಾಸಗಿ ಜಮೀನು ಕೊಳ್ಳುವುದಾದರೆ ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನೇ ಎಂಬುದನ್ನು ಮೊದಲು ಪರಿಶೀಲಿಸಬೇಕು; ಅಂಥ ಜಮೀನಿನ ಮಾರಾಟಕ್ಕೆ 1978ರ ಕಾಯ್ದೆಯಡಿ ಸರ್ಕಾರದ ಪೂರ್ವಾನುಮತಿ ಇರಲೇಬೇಕು.

ದಾರಿಯ ಹಕ್ಕು ಬೇರೆಯೇ ಲೆಕ್ಕ

ನಿವೇಶನದ ದಾಖಲೆ ಅಚ್ಚುಕಟ್ಟಾಗಿದ್ದು, ಅಲ್ಲಿಗೆ ಹೋಗುವ ದಾರಿ ಮಾತ್ರ ಯಾರದೋ ಬಾಯಿಮಾತಿನ ಮೇಲೆ ನಿಂತಿರುವುದು ನಮ್ಮ ಕಡೆ ಅಪರೂಪವಲ್ಲ. ‘ಹೋಗಿ, ಯಾರು ಬೇಡ ಅಂತಾರೆ’ ಎಂದ ಯಜಮಾನರು ತೀರಿಕೊಂಡು ತೋಟ ಪಾಲಾದ ಮರುವರ್ಷವೇ ದಣಪೆಗೆ (ತೋಟದ ದಾರಿಬಾಗಿಲಿಗೆ) ಬೇಲಿ ಬೀಳುತ್ತದೆ. ಗ್ರಾಮನಕ್ಷೆಯಲ್ಲಿ ದಾರಿ ಗುರುತಾಗಿದ್ದರೆ, ಅಂದರೆ ಅದು ‘ನಕಾಶೆ ಕಂಡ ದಾರಿ’ಯಾಗಿದ್ದರೆ, ಅದರ ಅಗಲವನ್ನು ಸರ್ವೆಯವರಿಂದ ಅಳೆಸಿ ಕಲ್ಲು ನೆಡಿಸಬೇಕು. ಇಲ್ಲದಿದ್ದರೆ ಬೇಕಾದಷ್ಟು ಪಟ್ಟಿ ಜಾಗವನ್ನು ಮಾಲೀಕರು ಪಂಚಾಯಿತಿಯ ಹೆಸರಿಗೆ ದಾನಪತ್ರವನ್ನೋ ಕ್ರಯಪತ್ರವನ್ನೋ ನೋಂದಾಯಿಸಿ ಕೊಡುವಂತಾಗಬೇಕು. ನೂರು ರೂಪಾಯಿಯ ಛಾಪಾ ಕಾಗದದ ಮೇಲಿನ ಒಪ್ಪಿಗೆ ಸಾಲದು.

ದಾರಿ ಅರಣ್ಯವನ್ನು ಹಾಯುವುದಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಒಂದು ಸಣ್ಣ ಬಾಗಿಲು ತೆರೆದಿದೆ. ಗ್ರಾಮಸಭೆಯ ಶಿಫಾರಸು ಇದ್ದು, ಬೇಕಾದ ಜಾಗ 1 ಹೆಕ್ಟೇರಿಗಿಂತ ಕಡಿಮೆಯಿದ್ದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಿದ್ದರೆ ರಸ್ತೆ, ಕುಡಿಯುವ ನೀರು, ವಿದ್ಯುತ್ ಮಾರ್ಗದಂಥ 13 ಸೌಲಭ್ಯಗಳಿಗೆ ಅರಣ್ಯಭೂಮಿ ಸಿಗಬಹುದು. ಆ ಪಟ್ಟಿಯಲ್ಲಿ ಮನೆ ಇಲ್ಲ ಎಂಬುದನ್ನು ಮರೆಯಬಾರದು.

ಮಳೆಗಾಲದಲ್ಲೇ ನೆಲ ಓದಿ

ಜಾಗವನ್ನು ಒಮ್ಮೆಯಾದರೂ ಜಡಿಮಳೆಯಲ್ಲಿ ಸುತ್ತಬೇಕು ಎಂಬುದು ಈ ಲೇಖನದ ಮುಖ್ಯ ಸಲಹೆ. 1 ಎಕರೆಯ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಸುಮಾರು 4 ಲಕ್ಷ ಲೀಟರ್ ನೀರಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆಯಾಗುವ ಆಗುಂಬೆಯ ಸುತ್ತಮುತ್ತ, ಹೊಸನಗರದ ಘಟ್ಟದಂಚಿನಲ್ಲಿ ಒಂದೇ ದಿನ ಅಷ್ಟು ಮಳೆ ಬೀಳುವುದು ವಿಶೇಷವೇನಲ್ಲ. ಆ ನೀರು ಇಂದು ಎಲ್ಲಿಂದ ಇಳಿಯುತ್ತಿದೆ, ಎಲ್ಲಿ ಒರತೆ ಏಳುತ್ತಿದೆ, ಗುಡ್ಡದ ಮೈಯಲ್ಲಿ ಎಲ್ಲಿ ಬಿರುಕಿದೆ, ಯಾವ ಮರಗಳು ಬುಡದಲ್ಲಿ ವಾಲಿ ಮತ್ತೆ ಮೇಲಕ್ಕೆ ಬಾಗಿವೆ ಎಂಬುದನ್ನೆಲ್ಲ ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಬೇಕು. ವಾಲಿದ ಮರಗಳ ಸಾಲು ನೆಲ ನಿಧಾನವಾಗಿ ಜಾರುತ್ತಿರುವುದರ ಸೂಚನೆಯಾಗಿರಬಹುದು. ಊರಿನ ಹಿರಿಯರನ್ನು, ದನ ಮೇಯಿಸುವವರನ್ನು ಜೊತೆಗೆ ಕರೆದೊಯ್ದರೆ ಎಂಜಿನಿಯರರ ಅರ್ಧ ಕೆಲಸ ಮುಗಿದಂತೆಯೇ.

ಮಣ್ಣನ್ನೂ ಆಗಲೇ ನೋಡಬೇಕು. ನಾಲ್ಕೈದು ಕಡೆ ಆಳುದ್ದದ ಗುಂಡಿ ತೆಗೆಸಿದರೆ ಸಾಕು. ಮೇಲಿನ ಕೆಂಪು ಮಣ್ಣಿನ ಕೆಳಗೆ ಗಟ್ಟಿ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಸಿಕ್ಕರೆ ಒಳ್ಳೆಯದು. ಜಂಬಿಟ್ಟಿಗೆಯ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಶೇಡಿ ಮಣ್ಣು ಇದ್ದರೆ ಎಚ್ಚರ ಬೇಕು: ಒಣಗಿದಾಗ ಗೋಡೆಯಂತೆ ನಿಲ್ಲುವ ಅದು ನೀರು ಕುಡಿದರೆ ಬೆಣ್ಣೆಯಂತೆ ಜಾರುತ್ತದೆ. ಶೇಡಿ ಇರುವಲ್ಲಿ ಎತ್ತರದ ಧರೆ (ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ) ಕಡಿಯುವ ಯೋಜನೆಯನ್ನು ಕೈಬಿಡುವುದೇ ಮೇಲು. ಇನ್ನು ಮಟ್ಟಸವಾಗಿದೆ ಎಂಬ ಕಾರಣಕ್ಕೆ ಹಳೆಯ ಗದ್ದೆಬಯಲನ್ನು ಆರಿಸುವುದು ಮತ್ತೊಂದು ತಪ್ಪು. ಅಲ್ಲಿ ಜಲ ಏಳುವುದನ್ನು ಯಾವ ಮಣ್ಣು ತುಂಬಿಸಿಯೂ ತಡೆಯಲಾಗದು.

ಗುಡ್ಡವನ್ನು ಮೈದಾನ ಮಾಡಬೇಡಿ

ನಿವೇಶನ ಎಂದರೆ 30x40 ಅಡಿಯ ಮಟ್ಟಸ ಚೌಕ ಎಂಬ ಕಲ್ಪನೆ ಬಯಲುಸೀಮೆಯದು. 5 ಅಡಿಗೆ 1 ಅಡಿ ಇಳಿಯುವ ಗುಡ್ಡದಲ್ಲಿ 40 ಅಡಿಯ ಬದಿಯನ್ನು ಇಳಿಜಾರಿನ ಉದ್ದಕ್ಕೆ ಹಿಡಿದರೆ ಮೇಲ್ತುದಿಗೂ ಕೆಳತುದಿಗೂ 8 ಅಡಿ ವ್ಯತ್ಯಾಸ ಬರುತ್ತದೆ; 30 ಅಡಿಯ ಬದಿಯನ್ನು ಹಿಡಿದರೆ 6 ಅಡಿ. ಆದರೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ನಿಗದಿಯಾದ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಂದರೆ ಸುಮಾರು 15x18 ಅಡಿ. ಅಷ್ಟನ್ನೇ ಮಟ್ಟ ಮಾಡಿ 15 ಅಡಿಯ ಬದಿಯನ್ನು ಇಳಿಜಾರಿಗೆ ಹಿಡಿದರೆ ವ್ಯತ್ಯಾಸ ಬರೀ 3 ಅಡಿಗೆ ಇಳಿಯುತ್ತದೆ, ಅದನ್ನು ಕಲ್ಲಿನ ಪಂಚಾಂಗದಲ್ಲೇ (ಗೋಡೆಯ ಕೆಳಗಿನ ಕಲ್ಲುಕಟ್ಟಡದಲ್ಲೇ) ಸರಿದೂಗಿಸಬಹುದು. ಉಳಿದ ಜಾಗ ಇಳಿಜಾರಾಗಿಯೇ ಇರಲಿ. ನಾಲ್ಕು ಬಾಳೆ, ಒಂದು ಹಲಸು, ಹಿತ್ತಿಲ ಸೊಪ್ಪಿಗೆ ಅದು ಧಾರಾಳ ಸಾಕು.

ಹೀಗೆ ಮೆಟ್ಟಿಲುಮೆಟ್ಟಿಲಾಗಿ, ಸಮಪಾತಳಿ ರೇಖೆಗೆ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗೆ) ಹೊಂದಿಕೊಂಡು ಹೋದರೆ 1 ಎಕರೆಗೆ 20 ನಿವೇಶನ ಬರುವಲ್ಲಿ 15 ಬರಬಹುದು. ಈ ಲೆಕ್ಕವನ್ನು ಸಭೆಯಲ್ಲಿ ಹೇಳುವುದು ಸುಲಭವಲ್ಲ, ಏಕೆಂದರೆ ಪಟ್ಟಿಯಲ್ಲಿರುವ ಐದು ಕುಟುಂಬಗಳ ಮುಖ ನೋಡಿ ಹೇಳಬೇಕಾಗುತ್ತದೆ. ಆದರೂ ಜಾಗ ಹುಡುಕುವಾಗಲೇ ಎಕರೆ ಹೆಚ್ಚಿಗೆ ಕೇಳುವುದು ಸರಿಯಾದ ದಾರಿ.

ಮನೆಯ ಪಾಯ ಪೂರ್ತಿಯಾಗಿ ಕಡಿದ ಗಟ್ಟಿನೆಲದ ಮೇಲೆಯೇ ಕೂರಬೇಕು. ಅರ್ಧ ಕಡಿತ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂತ ಮನೆ ಎರಡನೇ ಮಳೆಗಾಲಕ್ಕೆ ನಡುವೆ ಬಿರುಕು ಬಿಡುತ್ತದೆ. ಸಾಮಾನ್ಯ ಮಣ್ಣಿನ ಧರೆಯನ್ನು 1 ಅಡಿ ಎತ್ತರಕ್ಕೆ 1 ಅಡಿಯಂತೆ ಹಿಂದಕ್ಕೆ ಓರೆ ಮಾಡಿ, ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರದಲ್ಲಿ ಹಿಂಗೋಡೆ ಬರುವಂತೆ ನೋಡಿಕೊಳ್ಳಬೇಕು. ತಡೆಗೋಡೆ ಕಟ್ಟುವುದಾದರೆ ಅದರ ಹಿಂದೆ ಜಲ್ಲಿ ತುಂಬಿಸಿ, ಗೋಡೆಯಲ್ಲಿ ನೀರು ಬಸಿಯುವ ತೂತುಗಳನ್ನು ಬಿಡಲೇಬೇಕು; ಗೋಡೆಯನ್ನು ಕೆಡಹುವುದು ಬಹುಪಾಲು ಮಣ್ಣಲ್ಲ, ಹಿಂದೆ ನಿಂತ ನೀರು. ಧರೆಯ ನೆತ್ತಿಯ ಮೇಲೆ ತೋಟಕ್ಕೆ ಅಗಳು ತೆಗೆಯುವಂತೆ ಒಂದು ಚರಂಡಿ ತೆಗೆದು, ಗುಡ್ಡದ ನೀರನ್ನು ಬಡಾವಣೆಯೊಳಗೆ ಬಿಡದೆ ಪಕ್ಕದ ಹಳ್ಳಕ್ಕೆ ಸೇರಿಸಬೇಕು. ಬರಿದಾದ ಮೈಗೆ ಲಾವಂಚ ನೆಟ್ಟರೆ ಬೇರು ಮಣ್ಣನ್ನು ಹಿಡಿಯುತ್ತದೆ.

ರಸ್ತೆ

ಮನೆಗಿಂತ ಮೊದಲು ರಸ್ತೆ ಆಗಬೇಕು, ಇಲ್ಲದಿದ್ದರೆ ಕಲ್ಲು, ಮರಳು, ಸಿಮೆಂಟನ್ನು ತಲೆಹೊರೆಯಲ್ಲಿ ಸಾಗಿಸುವ ಕೂಲಿಯಲ್ಲೇ ಫಲಾನುಭವಿಯ ಮೊದಲ ಕಂತು ಕರಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಗ್ರಾಮೀಣ ರಸ್ತೆಯಲ್ಲಿ ವಾಹನ ಓಡುವ ಭಾಗದ ಅಗಲ 3.75 ಮೀಟರ್, ಎರಡೂ ಬದಿ ಮತ್ತು ಚರಂಡಿ ಸೇರಿಸಿ 25 ಅಡಿ ಪಟ್ಟಿ ಬಿಟ್ಟುಕೊಂಡರೆ ನೆಮ್ಮದಿ. ಗುಡ್ಡಗಾಡಿನಲ್ಲಿ ಏರು 20 ಅಡಿಗೆ 1 ಅಡಿ ಇರಬೇಕು, ತೀರಾ ಅನಿವಾರ್ಯವಾದಲ್ಲಿ 14ಕ್ಕೆ 1. ಎಂದರೆ 30 ಅಡಿ ಮೇಲಿರುವ ಬಡಾವಣೆಗೆ 600 ಅಡಿ ಉದ್ದದ ರಸ್ತೆ ಬೇಕು. ಹಣ ಉಳಿಸಲು 200 ಅಡಿಯಲ್ಲೇ ನೇರ ಹತ್ತಿಸಿದರೆ ಆಷಾಢದಲ್ಲಿ 108 ಆಂಬುಲೆನ್ಸ್ ಕೆಳಗೇ ನಿಲ್ಲುತ್ತದೆ.

ಕಡಿದ ಮಣ್ಣನ್ನು ಹಳ್ಳಕ್ಕೆ ದೂಡಬಾರದು. ಅದು ಕೆಳಗಿನ ಗದ್ದೆಯ ಮೇಲೆ ಹೋಗಿ ಕೂರುತ್ತದೆ. ತುಂಬುವಲ್ಲಿ ಮೊದಲು ಹುಲ್ಲು, ಬೇರು, ಕಪ್ಪು ಮೇಲ್ಮಣ್ಣು ತೆಗೆದು, ಸುಮಾರು 20 ಸೆಂಟಿಮೀಟರಿನ ಪದರಗಳಲ್ಲಿ ಮಣ್ಣು ಹರಡಿ, ಹದವಾಗಿ ನೀರು ಹಾಕಿ, ರೋಲರ್ ಓಡಿಸಬೇಕು. ಅದರ ಮೇಲೆ ಗ್ರಾವೆಲ್, ಜಲ್ಲಿ. ರಸ್ತೆಯನ್ನು ಗುಡ್ಡದ ಕಡೆಗೆ ಓಲಿಸಿ, ಆ ಬದಿಯಲ್ಲಿ ಕಲ್ಲು ಹಾಸಿದ ಚರಂಡಿ ಮಾಡಿ, ಮಳೆಗಾಲದ ನಕ್ಷೆಯಲ್ಲಿ ಗುರುತು ಹಾಕಿದ್ದ ಪ್ರತಿ ನೀರಿನ ದಾರಿಗೂ ರಸ್ತೆಯಡಿ ನೀರು ದಾಟಿಸುವ ಒಂದು ಮೋರಿ ಇಡಬೇಕು. ಮೋರಿಯ ಪೈಪು ಸುಮಾರು 1 ಮೀಟರ್ ವ್ಯಾಸದ್ದಿರಲಿ; ದರಕು (ಒಣಗಿದ ಎಲೆ), ಕೊಂಬೆ ಸಿಕ್ಕಿಕೊಂಡರೆ ಒಳಗೆ ನುಗ್ಗಿ ತೆಗೆಯಬೇಕಲ್ಲ. ಮೋರಿಯ ಬಾಯಿಂದ ಹೊರಬಿದ್ದ ನೀರನ್ನು ಕಲ್ಲು ಕಟ್ಟಿದ ಕಾಲುವೆಯಲ್ಲಿ ಹಳ್ಳದವರೆಗೂ ಮುಟ್ಟಿಸಬೇಕು. ಅಂದಾಜುಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ, ಪಕ್ಕದ ಅಡಿಕೆ ತೋಟದವರು ಕೋರ್ಟಿಗೆ ಹೋಗುವುದೂ ಇದಕ್ಕೇ.

ಕಾಲದ ಲೆಕ್ಕ

ಜುಲೈ, ಆಗಸ್ಟ್‌ನಲ್ಲಿ ನೆಲ ನೋಡುವುದು, ದೀಪಾವಳಿಯ ಹೊತ್ತಿಗೆ ಮರ ಕಡಿಯುವ ಅನುಮತಿಯೂ ಸೇರಿದಂತೆ ಕಾಗದ ಮುಗಿಸುವುದು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಣ್ಣಿನ ಕೆಲಸ, ಮೇ ಎರಡನೇ ವಾರದೊಳಗೆ ಚರಂಡಿ ಮತ್ತು ಮೋರಿ. ಏಪ್ರಿಲ್‌ನಲ್ಲಿ ಶುರುವಾದ ಕಡಿತವನ್ನು ಮುಂಗಾರಿಗೆ ಮುನ್ನ ಮುಗಿಸುತ್ತೇವೆ ಎನ್ನುವ ಗುತ್ತಿಗೆದಾರರ ಮಾತನ್ನು ನಂಬಬಾರದು. ನೀರಿನ ಟ್ಯಾಂಕಿಗೆ ಬಡಾವಣೆಯ ಎತ್ತರದ ಮೂಲೆಯನ್ನೂ, ಶೌಚಗುಂಡಿಗಳಿಗೆ ಕುಡಿಯುವ ಬಾವಿಗಿಂತ ಕೆಳಗಿನ, ದೂರದ ಜಾಗವನ್ನೂ, ಮೆಸ್ಕಾಂನ ವಿದ್ಯುತ್ ಕಂಬಗಳಿಗೆ ರಸ್ತೆಯ ಅಂಚನ್ನೂ ಇದೇ ಅವಧಿಯಲ್ಲಿ ಗುರುತಿಸಿಡಬೇಕು.

ಡಾಂಬರನ್ನು ಆ ವರ್ಷವೇ ಹಾಕುವ ಅವಸರ ಬೇಡ. ತುಂಬಿದ ಮಣ್ಣು ಒಂದು ಮಳೆಗಾಲ ಕಂಡು ಕೂರಲಿ. ಆ ಮಳೆಯಲ್ಲಿ ಕೊಡೆ ಹಿಡಿದು ಮತ್ತೆ ಸುತ್ತಿ, ಚರಂಡಿ ಎಲ್ಲಿ ಉಕ್ಕಿತು, ಧರೆ ಎಲ್ಲಿ ಜರಿಯಿತು ಎಂಬುದನ್ನು ಅದೇ ನಕ್ಷೆಯ ಮೇಲೆ ಬೇರೆ ಬಣ್ಣದಲ್ಲಿ ಬರೆದು, ತಿದ್ದಿಸಿ, ನಂತರ ಡಾಂಬರು ಹಾಕಿಸಬೇಕು. ನಕ್ಷೆಯ ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಯ ಕಡತದಲ್ಲಿ ಇಡುವುದರ ಜೊತೆಗೆ ಬಡಾವಣೆಯ ನಾಲ್ಕಾರು ಮನೆಯವರ ಕೈಗೂ ಕೊಡಬೇಕು, ಏಕೆಂದರೆ ಮರುವರ್ಷ ನೀರಿನ ಪೈಪು ಹೂಳಲು ಬರುವ ಜೆಸಿಬಿ ಚಾಲಕನಿಗೆ ಚರಂಡಿ ಎಲ್ಲಿ ಹಾದಿದೆ ಎಂದು ತೋರಿಸಲು ಆ ಹೊತ್ತಿಗೆ ಅಲ್ಲಿರುವವರು ಅವರು ಮಾತ್ರ.